ಛೇದ ಸಮಸ್ಯೆ: ನಿಯಮ ಮತ್ತು ಸೌಲಭ್ಯ

ಕನ್ನಡ ಪಂಡಿತನಿಗೆ ಗಣಿತದ ಗೊಡವೆ ಏಕೆಂದು ಓದುಗ ಮಹಾಶಯರು ಕೇಳಬಹುದು. ಛಂದಸ್ಸನ್ನು ಬೋಧಿಸುವವನಿಗೆ ನಿಯಮದ ವಿಚಾರ ಪರಕೀಯವಲ್ಲ. ಆದಿಪ್ರಾಸವು ಪದ್ಯವನ್ನು ನೆನಪಿಡುವವನಿಗೆ ಊರುಗೋಲು. ರಚಿಸುವವನಿಗೆ ಅದೇ ತೊಡಕು. ಗಣಿತದಲ್ಲಿಯೂ ಇಂಥದೇ ಒಂದು ಸೋಜಿಗವುಂಟು.

ಕೆಲವು ಬಿಂದುಗಳು, ಅವುಗಳನ್ನು ಕೂಡಿಸುವ ರೇಖೆಗಳು: ಈ ರಚನೆಗೆ ಗ್ರಾಫ್ ಎಂದು ಹೆಸರು. ಬಿಂದುಗಳನ್ನು ಎರಡು ಪಂಗಡ ಮಾಡಿದಾಗ ಒಂದರಿಂದ ಇನ್ನೊಂದಕ್ಕೆ ಹಾಯುವ ರೇಖೆಗಳ ಸಮೂಹವೇ ‘ಛೇದ’. ಅತ್ಯಲ್ಪ ರೇಖೆಗಳ ಛೇದವನ್ನು ಹುಡುಕುವುದು ಒಂದು ಸಮಸ್ಯೆ. ಅತ್ಯಧಿಕ ರೇಖೆಗಳದನ್ನು ಹುಡುಕುವುದು ಇನ್ನೊಂದು. ಕೇಳಲು ಇವು ಅವಳಿಗಳು, ಸ್ವಭಾವದಲ್ಲಿ ಹಾಗಲ್ಲ. ಮೊದಲನೆಯದಕ್ಕೆ ಫೋರ್ಡ್ ಮತ್ತು ಫಲ್ಕರ್ಸನ್ 1956ರಲ್ಲಿ ಪ್ರಕಟಿಸಿದ ಪ್ರವಾಹ ಸಿದ್ಧಾಂತವು ದಾರಿ ತೆರೆಯಿತು. ಗಣಕಯಂತ್ರವು ಅದನ್ನು ಶೀಘ್ರವಾಗಿ ಬಿಡಿಸಬಲ್ಲದು. ಎರಡನೆಯದನ್ನು, ರೇಖೆಗಳಿಗೆ ತೂಕವಿರುವ ರೂಪದಲ್ಲಿ, ರಿಚರ್ಡ್ ಕಾರ್ಪ್ 1972ರಲ್ಲಿ ತಮ್ಮ 21 ಕಠಿಣ ಸಮಸ್ಯೆಗಳ ಪಟ್ಟಿಗೆ ಸೇರಿಸಿದರು. ತೂಕವಿಲ್ಲದಾಗಲೂ ಅದು ಕಠಿಣವೇ ಎಂದು 1976ರಲ್ಲಿ ಗ್ಯಾರಿ, ಜಾನ್ಸನ್, ಸ್ಟಾಕ್‌ಮೇಯರ್ ತೋರಿಸಿದರು. ಐವತ್ತೇ ಬಿಂದುಗಳಿದ್ದರೂ ವಿಭಜನೆಗಳು ಐದು ಕೋಟಿ ಕೋಟಿಗೂ ಮಿಗಿಲು. ಇಂಥವನ್ನು ಸದಾ ಶೀಘ್ರವಾಗಿ ಬಿಡಿಸುವ ಕ್ರಮವನ್ನು ಯಾರೂ ಕಂಡಿಲ್ಲ. ಅಂಥದು ಇಲ್ಲವೆಂಬುದೂ ಸಿದ್ಧವಾಗಿಲ್ಲ.

ತೊಡಕಿನ ಮೂಲವನ್ನು ತ್ರಿಕೋನದಲ್ಲಿಯೇ ಕಾಣಬಹುದು. ಅದರ ಮೂರು ಬಿಂದುಗಳನ್ನು ಹೇಗೆ ಹಂಚಿದರೂ ಎರಡು ರೇಖೆಗಳಿಗಿಂತ ಹೆಚ್ಚು ತುಂಡಾಗವು. ಬೆಸ ಸಂಖ್ಯೆಯ ರೇಖೆಗಳ ಸುತ್ತುಗಳಿಲ್ಲದ ಕಡೆ ಎಲ್ಲ ರೇಖೆಗಳನ್ನೂ ಛೇದಿಸಬಹುದು.

ಹಾಗಾದರೆ ಗ್ರಾಫಿಗೆ ನಿಯಮ ವಿಧಿಸಿದರೆ? ರೇಖೆಗಳು ಒಂದನ್ನೊಂದು ದಾಟದಂತೆ ಕಾಗದದ ಮೇಲೆ ಬರೆಯಬಹುದಾದುದು ಸಮತಲ ಗ್ರಾಫ್. ಇಲ್ಲಿ ಕಾಠಿಣ್ಯ ಕರಗುತ್ತದೆ. ಓರ್ಲೋವಾ ಮತ್ತು ದೋರ್ಫ್‌ಮನ್ 1972ರಲ್ಲಿ, ಹ್ಯಾಡ್‌ಲಾಕ್ 1975ರಲ್ಲಿ ಇದನ್ನು ಸಾಧಿಸಿದರು. ಹೊರಗಿನದನ್ನೂ ಸೇರಿಸಿ ಎಣಿಸಿದರೆ, ಬೆಸ ರೇಖೆಗಳಿಂದ ಸುತ್ತುವರಿದ ಆವರಣಗಳ ಸಂಖ್ಯೆ ಯಾವಾಗಲೂ ಸಮ. ಒಟ್ಟಿನಲ್ಲಿ ಅತ್ಯಲ್ಪ ರೇಖೆಗಳನ್ನು ದಾಟುವಂತೆ ಅವನ್ನು ಜೋಡಿಗೂಡಿಸಿ, ದಾಟಿದವನ್ನು ಬಿಟ್ಟರೆ ಉಳಿದವೇ ಗರಿಷ್ಠ ಛೇದ. ತ್ರಿಕೋನದ ಒಳಗೂ ಹೊರಗೂ ಒಂದೊಂದು ಬೆಸ ಆವರಣ. ಒಂದು ರೇಖೆ ಬಿಟ್ಟರೆ ಎರಡು ಉಳಿದವು!

ಆದರೆ ಎಲ್ಲ ನಿಯಮಗಳೂ ಹೀಗೆ ವರವೀಯುವುದಿಲ್ಲ. ಒಬ್ಬೊಬ್ಬ ಉಪಾಧ್ಯಾಯರ ಸೇವಾವಧಿಯನ್ನು ಒಂದೊಂದು ಬಿಂದುವೆಂದು ತಿಳಿದು, ಸೇವಾವಧಿಗಳು ಒಂದರ ಮೇಲೊಂದು ಹಾಯ್ದವರನ್ನು ರೇಖೆಯಿಂದ ಕೂಡಿಸಿದರೆ ಅವಧಿ ಗ್ರಾಫ್ ಆಗುತ್ತದೆ. ಬಣ್ಣ ಹಚ್ಚುವ ಸಮಸ್ಯೆಯಂಥ ಕಠಿಣ ಪ್ರಶ್ನೆಗಳೂ ಅಲ್ಲಿ ಸುಲಭ. ಆದರೂ ಅಲ್ಲಿ ಗರಿಷ್ಠ ಛೇದ ಕಠಿಣವಾಗಿಯೇ ಉಳಿಯುತ್ತದೆಂದು 2021ರಲ್ಲಿ ನಮ್ಮ ದೇಶದ ವಿದ್ವಾಂಸರಾದ ಅಧಿಕಾರಿ, ಬೋಸ್, ಮುಖರ್ಜಿ, ರಾಯ್ ಎಂಬವರು ಸಿದ್ಧಪಡಿಸಿದರು.

ಬೋಧಕರಿಗೆ ಇದರಲ್ಲಿ ಒಂದು ಎಚ್ಚರಿಕೆಯಿದೆ. ಒಂದು ಕಟ್ಟು ಒಂದು ಕಾರ್ಯಕ್ಕೆ ನೆರವಾದ ಮಾತ್ರಕ್ಕೆ ಇನ್ನೊಂದಕ್ಕೂ ನೆರವಾದೀತೆಂದು ನಂಬಲಾಗದು. ವಿದ್ಯಾರ್ಥಿ ಎಡವಿದಾಗ ಅವನ ಬುದ್ಧಿಯನ್ನು ಹಳಿಯುವ ಮುನ್ನ, ತೊಡಕು ಅವನಲ್ಲಿದೆಯೋ ಪ್ರಶ್ನೆಯಲ್ಲಿಯೇ ಇದೆಯೋ ಎಂದು ವಿವೇಚಿಸುವುದು ಗುರುವಿನ ಧರ್ಮ.