ಅಡುಗೆಮನೆಯ ಗೋಡೆ, ಮಲೆನಾಡಿನ ಮಳೆ

ಪ್ರಶ್ನೆ: ಗೋಣಿಬೀಡಿನ ಹತ್ತಿರ ತೋಟದೊಳಗೆ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಅಡುಗೆಮನೆ ಪಶ್ಚಿಮಕ್ಕಿದೆ. ಕಿಟಕಿಯಾಚೆ ಕಾಫಿ, ಅದರ ಮೇಲೆ ಸಿಲ್ವರ್ ಓಕ್. ಬೆಂಗಳೂರಿನಲ್ಲಿರುವ ಮಗಳು ಮೊಬೈಲಿನಲ್ಲಿ ಕಡು ಬೂದು ಬಣ್ಣದ ಮ್ಯಾಟ್ ಅಡುಗೆಮನೆ ತೋರಿಸಿ ಅದೇ ಆಗಬೇಕು ಅನ್ನುತ್ತಾಳೆ. ಅತ್ತೆಯವರಿಗೆ ಅಪ್ಪಟ ಬಿಳಿಯೇ ಬೇಕು. ಗೃಹಪ್ರವೇಶ ಶ್ರಾವಣದಲ್ಲಿ. ಯಾರ ಮಾತು ಕೇಳಲಿ?
— ಒಬ್ಬ ಗೃಹಿಣಿ, ಮೂಡಿಗೆರೆ ತಾಲ್ಲೂಕು

ಉತ್ತರ: ಬಣ್ಣದ ವ್ಯಾಜ್ಯಕ್ಕೆ ಆಮೇಲೆ ಬರೋಣ, ಮೊದಲು ಶ್ರಾವಣದ ವಿಷಯ. ಆ ಹೊತ್ತಿಗೆ ನಿಮ್ಮೂರಲ್ಲಿ ಒಣಗಹಾಕಿದ ಬಟ್ಟೆಯೇ ಒಣಗುವುದಿಲ್ಲ, ಸಿಮೆಂಟು ಗಾರೆ ಒಣಗೀತೇ? ಗಾರೆಗೆ ಕಡಿಮೆಯೆಂದರೂ 28 ದಿನ ಬಿಡಬೇಕು ಎನ್ನುವುದು ಬಿಸಿಲು ಕಾಲದ ಲೆಕ್ಕ. ಒಳಗೆ ನೀರಿರುವಾಗಲೇ ಎಮಲ್ಷನ್ ಬಳಿದರೆ ದಸರೆಯ ಹೊತ್ತಿಗೆ ಗುಳ್ಳೆ ಎದ್ದು ಸಿಪ್ಪೆಯಾಗಿ ಬರುತ್ತದೆ. ಪೂಜೆಯನ್ನು ಶ್ರಾವಣದಲ್ಲೇ ಮುಗಿಸಿ, ಗೋಡೆ ಬರೀ ಗಾರೆಯಲ್ಲಿದ್ದರೆ ಯಾವ ದೋಷವೂ ಇಲ್ಲ. "ಸದ್ಯಕ್ಕೆ ಒಂದು ಕೈ ಸುಣ್ಣ ಹೊಡೆಯೋಣ" ಎಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಪುಡಿಯಾಗುವ ಸುಣ್ಣದ ಮೇಲೆ ಎಮಲ್ಷನ್ ಕಚ್ಚಿಕೊಳ್ಳುವುದಿಲ್ಲ, ಮುಂದೆ ಅಷ್ಟನ್ನೂ ಕೆರೆಯಬೇಕಾಗುತ್ತದೆ.

ಬಣ್ಣಕ್ಕೆ ಸರಿಯಾದ ಕಾಲ ಫೆಬ್ರವರಿಯಿಂದ ಏಪ್ರಿಲ್. ಅರೇಬಿಕಾ ಕೊಯ್ಲು ಮುಗಿದಿರುತ್ತದೆ, ರೋಬಸ್ಟಾ ಮುಗಿಯುತ್ತ ಬಂದಿರುತ್ತದೆ, ಮನೆಯವರಿಗೂ ಆಳುಗಳಿಗೂ ಸ್ವಲ್ಪ ಬಿಡುವು. ನಡುವೆ ಬೀಳುವ ಹೂಮಳೆಯಿಂದ ಒಳಗೋಡೆಗೆ ತೊಂದರೆಯಿಲ್ಲ. ಅನುಮಾನವಿದ್ದರೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಒಳಬದಿಯಲ್ಲಿ ನೀರಹನಿ ಕಂಡರೆ ಇನ್ನೂ ಕಾಯಬೇಕು. ಪುಟ್ಟಿಯೂ ವೈಟ್ ಸಿಮೆಂಟಿನದೇ ಇರಲಿ.

ಈಗ ಮಗಳ ಬೂದು. ಅಂಥ ಕಡು ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲನ್ನಷ್ಟೇ ವಾಪಸು ಕೊಡುತ್ತದೆ. ಆಕೆ ನೋಡಿದ ಚಿತ್ರದಲ್ಲಿ ಗೋಡೆಯಗಲ ಗಾಜಿನ ಕಿಟಕಿ ಇದ್ದಿರಬೇಕು. ನಿಮ್ಮ ಕಿಟಕಿಯಿಂದ ಬರುವುದು ಎರಡು ಹಂತದ ಎಲೆಗಳನ್ನು ದಾಟಿ ಹಸುರಾದ ಬೆಳಕು, ಆಷಾಢದಲ್ಲಿ ಅದೂ ಇಲ್ಲ. ಕರೆಂಟು ಹೋದ ಮಧ್ಯಾಹ್ನ ಆ ಕೋಣೆಯಲ್ಲಿ ಅಕ್ಕಿಯ ಕಲ್ಲು ಆರಿಸುವವರು ಮಗಳಲ್ಲ, ನೀವು. ಅತ್ತೆಯವರ ಬಿಳಿ ಇದಕ್ಕಿಂತ ಮೇಲು. ಆದರೆ ಅಪ್ಪಟ ಬಿಳಿ ಮೋಡದ ಬೆಳಕಿನಲ್ಲಿ ನೀಲಿಗೆ ತಿರುಗಿ ಆಸ್ಪತ್ರೆಯ ಕಳೆ ಬರುತ್ತದೆ. ಅದಕ್ಕೆ ಚಿಟಿಕೆ ಹಳದಿ ಬೆರೆತ, ಮಜ್ಜಿಗೆ ಬಣ್ಣ ಅಥವಾ ದಂತದ ಬಣ್ಣ ಆರಿಸಿ. ಬೆಳಕಿನ ಮುಕ್ಕಾಲು ಪಾಲನ್ನು ಅದು ಹಿಂದಿರುಗಿಸುತ್ತದೆ, ಮಳೆಗಾಲದಲ್ಲೂ ಮಂಕಾಗುವುದಿಲ್ಲ. ಬೂದು ಬೇಕೇ ಬೇಕೆಂದು ಮಗಳು ಹಟ ಹಿಡಿದರೆ ಕಟ್ಟೆಯ ಕೆಳಗಿನ ಕಪಾಟುಗಳ ಬಾಗಿಲಿಗೆ ಕೊಡಿ. ಕಪ್ಪು ಗ್ರಾನೈಟಿನ ಕೆಳಗೆ ಅದು ಚೆನ್ನಾಗಿಯೇ ಕೂರುತ್ತದೆ.

ಮ್ಯಾಟ್ ಗೋಡೆಗೆ ಒಗ್ಗರಣೆ ಸಿಡಿದ ಎಣ್ಣೆಯನ್ನು ಉಜ್ಜಿ ಒರೆಸಿದರೆ, ಉಜ್ಜಿದಷ್ಟು ಜಾಗ ಹೊಳಪೆದ್ದು ಬೇರೆಯಾಗಿ ಕಾಣುತ್ತದೆ. ಪೂರ್ತಿ ಗ್ಲಾಸ್ ಹೊಡೆದರೆ ಕರಣೆಯ ಏರುತಗ್ಗೆಲ್ಲ ಬಯಲು. ನಡುವಿನ ಸ್ಯಾಟಿನ್ ಅಥವಾ ಸಾಫ್ಟ್ ಶೀನ್ ಸಾಕು. ಶೇಡ್ ಕಾರ್ಡನ್ನು ಅಂಗಡಿಯ ಟ್ಯೂಬ್‌ಲೈಟಿನಡಿ ನೋಡಿ ತೀರ್ಮಾನಿಸಬೇಡಿ. ಸಣ್ಣ ಡಬ್ಬಿ ತಂದು ಗೋಡೆಯ ಎರಡು ಕಡೆ ಬಳಿದು, ಬೆಳಿಗ್ಗೆಯೂ ರಾತ್ರಿ ದೀಪದಲ್ಲೂ ನೋಡಿ. 6500 ಕೆಲ್ವಿನ್ ಬಲ್ಬಿನಡಿ ಒಂದು ಬಣ್ಣ, 3000ರಲ್ಲಿ ಇನ್ನೊಂದು.

ಪ್ರಶ್ನೆ: ನಮ್ಮದು ಕಳಸದ ಹತ್ತಿರ ಅಜ್ಜನ ಕಾಲದ ಮನೆ. ಗ್ಯಾಸ್ ಇದ್ದರೂ ಸೌದೆ ಒಲೆ ಆರಿಸಿಲ್ಲ. ಕಪ್ಪಾದ ಗೋಡೆಗೆ ಒಳ್ಳೆಯ ಕಂಪನಿಯ ಎಮಲ್ಷನ್ ಎರಡು ಸಲ ಹೊಡೆಸಿದೆವು. ಎರಡೇ ತಿಂಗಳಲ್ಲಿ ಕಂದು ಕಲೆ ಮತ್ತೆ ಎದ್ದು ಬಂತು. ಬಣ್ಣ ನಕಲಿಯೇ?
— ಕೃಷಿಕರು, ಕಳಸ

ಉತ್ತರ: ಬಣ್ಣದ ಮೇಲೆ ಅನುಮಾನ ಬೇಡ. ಹೊಗೆಯ ಮಸಿಯಲ್ಲಿ ಬರೀ ಇದ್ದಿಲ ಪುಡಿ ಇರುವುದಿಲ್ಲ, ಸೌದೆಯ ಟಾರೂ ಇರುತ್ತದೆ. ನೀರಿನ ಆಧಾರದ ಎಮಲ್ಷನ್ ತಾಗಿದೊಡನೆ ಆ ಕಂದು ಅಂಶ ಕರಗಿ ಮೇಲಕ್ಕೆ ಬರುತ್ತದೆ. ಇನ್ನೆರಡು ಕೈ ಹೊಡೆದರೂ ಅಷ್ಟೇ. ಮೊದಲು ಇಲ್ಲಣವನ್ನು ಒಣಪೊರಕೆಯಲ್ಲಿ ತೆಗೆದು, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತಿಕ್ಕಿ ತೊಳೆದು, ಚೆನ್ನಾಗಿ ಒಣಗಿದ ಮೇಲೆ ಕಲೆ ತಡೆಯುವ ಸಾಲ್ವೆಂಟ್ ಆಧಾರದ ಪ್ರೈಮರ್ ಒಂದು ಕೈ ಕೊಡಿ. ಎಮಲ್ಷನ್ ಅದರ ಮೇಲೆ. ಗೋಡೆಯಲ್ಲಿ ಹಳೇ ಆಯಿಲ್ ಪೇಂಟ್ ಇದ್ದರೆ ಒಣಗಿದ್ದಾಗ ಸ್ಯಾಂಡ್ ಪೇಪರ್ ಹಿಡಿಯಬೇಡಿ, ಒದ್ದೆ ಮಾಡಿಯೇ ಕೆರೆಸಿ, ಮಕ್ಕಳನ್ನು ದೂರವಿಡಿ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ.

ಇಷ್ಟು ಹೇಳಿದ ಮೇಲೂ, ಒಲೆ ಉರಿಯುವ ಕೋಣೆಗೆ ನನ್ನ ಆಯ್ಕೆ ಸುಣ್ಣವೇ. ಎಮಲ್ಷನ್ ಪೂರ್ತಿ ಕೆರೆಸಲು ನೀವು ತಯಾರಿದ್ದರೆ ಮಾತ್ರ. ಮಣ್ಣಿನ ಅಥವಾ ಜಂಬಿಟ್ಟಿಗೆಯ ಹಳೇ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಸುಣ್ಣ ಆ ತೇವವನ್ನು ಆವಿಯಾಗಿ ಹೊರಬಿಡುತ್ತದೆ, ಪ್ಲಾಸ್ಟಿಕ್ಕಿನಂಥ ಪದರ ತಡೆದು ನಿಲ್ಲಿಸುತ್ತದೆ. ಹೊಸ ಸುಣ್ಣದ ಕ್ಷಾರದಲ್ಲಿ ಬೂಷ್ಟೂ ಬದುಕುವುದಿಲ್ಲ. ವರ್ಷಕ್ಕೊಮ್ಮೆ ಬಳಿಯಬೇಕು ನಿಜ, ಆದರೆ ಒಲೆಯ ಮನೆಗೆ ವರ್ಷಕ್ಕೊಮ್ಮೆ ಏನಾದರೂ ಬಳಿಯುವುದು ತಪ್ಪಿದ್ದಲ್ಲ. ಒಂದೇ ಎಚ್ಚರಿಕೆ: ಒಗ್ಗರಣೆಯ ಅರಿಶಿನ ಹೊಸ ಸುಣ್ಣಕ್ಕೆ ತಾಗಿದರೆ ಕೆಂಪಾಗುತ್ತದೆ, ಆರತಿಯ ಓಕುಳಿ ನೀರಿನದೇ ಕ್ರಿಯೆ. ಹಾಗಾಗಿ ಒಲೆಯ ಹಿಂದೆ ಎರಡಡಿ ಎತ್ತರಕ್ಕೆ ಕಡಪ ಕಲ್ಲನ್ನೋ ರೆಡ್ ಆಕ್ಸೈಡನ್ನೋ ಕೊಡಿಸಿ.

ಪ್ರಶ್ನೆ: ಚಿಕ್ಕಮಗಳೂರಿನಲ್ಲೇ ಇದ್ದೇವೆ. ಮಳೆಗಾಲ ಬಂತೆಂದರೆ ಮಾಡ್ಯುಲರ್ ಕಪಾಟಿನ ಹಿಂದೆ, ಸೀಲಿಂಗಿನ ಮೂಲೆಯಲ್ಲಿ ಕಪ್ಪು ಬೂಷ್ಟು. "ಆಂಟಿ ಫಂಗಲ್" ಪೇಂಟ್ ಹೊಡೆಸಿದರೆ ಹೋಗುತ್ತದೆಯೇ?
— ಶಿಕ್ಷಕಿ

ಉತ್ತರ: ಒಂದೆರಡು ವರ್ಷ ತಡೆದೀತು. ಬೂಷ್ಟಿಗೆ ಬೇಕಾದ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕದಿದ್ದರೆ ಮತ್ತೆ ಬರುತ್ತದೆ. ಹೊರಗೋಡೆಯ ಬಿರುಕೋ ಛಾವಣಿಯ ಸೋರಿಕೆಯೋ ಇದ್ದರೆ ಹೊರಗಿನಿಂದಲೇ ರಿಪೇರಿ ಮಾಡಿಸಬೇಕು, ಒಳಗೆ ವಾಟರ್‌ಪ್ರೂಫ್ ಬಳಿದು ಫಲವಿಲ್ಲ. ಹೊರಗೆಲ್ಲ ಸರಿಯಿದ್ದರೆ ನೀರು ನಿಮ್ಮ ಒಲೆಯದೇ. 14.2 ಕೆ.ಜಿ.ಯ ಒಂದು ಸಿಲಿಂಡರ್ ಉರಿದು ಮುಗಿಯುವಾಗ ಹತ್ತಿರ ಹತ್ತಿರ 22 ಲೀಟರ್ ನೀರು ಆವಿಯಾಗಿ ಅಡುಗೆಮನೆಗೆ ಸೇರುತ್ತದೆ. ಅನ್ನ ಸಾರಿನ ಹಬೆ ಬೇರೆ. ಚಳಿಯೆಂದು ಕಿಟಕಿ ಮುಚ್ಚಿದರೆ ಅದೆಲ್ಲ ತಣ್ಣಗಿರುವ ಮೂಲೆ ಹಿಡಿದು ಕೂರುತ್ತದೆ. ನಿಮ್ಮ ಚಿಮಣಿಗೆ ಹೊರಗೆ ಹೋಗುವ ಪೈಪು ಇದೆಯೇ ನೋಡಿ. ಪೈಪಿಲ್ಲದ ಚಿಮಣಿ ಎಣ್ಣೆ ಹಿಡಿಯುತ್ತದೆ, ಹಬೆಯನ್ನು ಮಾತ್ರ ಒಳಕ್ಕೇ ಬಿಡುತ್ತದೆ. ಅಂಥದ್ದಾದರೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಅಡುಗೆ ಮುಗಿದ ಮೇಲೂ ಕಾಲು ಗಂಟೆ ಓಡಲಿ. ಕಪಾಟಿನ ಬೆನ್ನಿಗೂ ಗೋಡೆಗೂ ನಡುವೆ ಒಂದಿಂಚು ಗಾಳಿ ಆಡಲಿ. ಮುಂದೆ ಕಪಾಟು ಬದಲಿಸುವುದಾದರೆ ಎಂಡಿಎಫ್ ಬೇಡ, ಐಎಸ್ 710 ಮುದ್ರೆಯ ಪ್ಲೈವುಡ್ ಕೇಳಿ.

ಈಗಿರುವ ಬೂಷ್ಟನ್ನು ಬ್ಲೀಚಿಂಗ್ ಪೌಡರ್ ಕದಡಿದ ತಿಳಿನೀರಿನಿಂದ ಒರೆಸಿ ಒಣಗಿಸಿ. ಕಿಟಕಿ ತೆರೆದಿರಲಿ. ಅದರ ಜೊತೆ ವಿನಿಗರ್, ಆಸಿಡ್, ಟಾಯ್ಲೆಟ್ ಕ್ಲೀನರ್ ಯಾವುದನ್ನೂ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ಪ್ರಶ್ನೆ: ಹೋಮ್‌ಸ್ಟೇ ಅಡುಗೆಮನೆಗೆ ನೆಲದಿಂದ ಸೀಲಿಂಗಿನವರೆಗೆ ಟೈಲ್ಸ್ ಹಾಕಿಸಿದರೆ ಬಣ್ಣದ ಗೋಜೇ ಇರುವುದಿಲ್ಲವಲ್ಲ?
— ಕೊಟ್ಟಿಗೆಹಾರದಿಂದ

ಉತ್ತರ: ದಿನಕ್ಕೆ ಮೂವತ್ತು ಜನರಿಗೆ ಬೇಯಿಸುವುದಾದರೆ ಹಾಕಿಸಿ. ಆದರೆ ಮಳೆ ಹೊಡೆಯುವ ಪಶ್ಚಿಮದ ಗೋಡೆಯನ್ನು ಬಿಡಿ, ಅದು ಒಳಮುಖವಾಗಿಯಾದರೂ ಒಣಗಲಿ. ಸಂದುಗಳಿಗೆ ಬಿಳಿ ಸಿಮೆಂಟಿನ ಬದಲು ಎಪಾಕ್ಸಿ ಗ್ರೌಟ್ ಕೇಳಿ. ದುಬಾರಿಯೇ, ಆದರೂ ಎಣ್ಣೆ ಅರಿಶಿನ ಹೀರುವುದಿಲ್ಲ.