ಹಿತ್ತಲು ಮನೆಮಂದಿಗೆಲ್ಲ ಬಳಕೆಯಾಗಲಿ

ಜಮಖಂಡಿ, ಮುಧೋಳ ಭಾಗದ ಕಬ್ಬಿನ ಊರುಗಳಲ್ಲಿ ರೈತರು ಹೊಲದ ಗುಂಟೆ ಗುಂಟೆಗೂ ಲೆಕ್ಕ ಇಡುತ್ತಾರೆ. ಹಿತ್ತಲಿಗೆ ಮಾತ್ರ ಅಂಥ ಲೆಕ್ಕವಿರುವುದಿಲ್ಲ. ಗೊಬ್ಬರದ ಖಾಲಿ ಚೀಲ, ಟ್ರ್ಯಾಕ್ಟರಿನ ಹಳೆಯ ಟಾಯರು, ಒಡೆದ ಪೈಪು ಇವೆಲ್ಲ ಅಲ್ಲಿಗೇ ಸೇರುತ್ತವೆ. ಉಳಿದ ಜಾಗಕ್ಕೆ ಸಿಮೆಂಟು ಹಾಸಿಬಿಡುತ್ತಾರೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟಿದಾಗ ಆ ಸಿಮೆಂಟು ಹಗಲೆಲ್ಲ ಕಾಯ್ದು, ಹೊತ್ತು ಮುಳುಗಿದ ಮೇಲೂ ಕಾವು ಬಿಡುತ್ತಲೇ ಇರುತ್ತದೆ. ಆಗ ಮನೆಮಂದಿ ಒಬ್ಬೊಬ್ಬರು ಒಂದೊಂದು ಕೋಣೆ ಸೇರುವುದು ಸಹಜ.

ಬೀಳಗಿ ತಾಲೂಕಿನ ಪುನರ್ವಸತಿ ಕೇಂದ್ರಗಳ ಕಷ್ಟ ಬೇರೆ ಬಗೆಯದು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಊರಿನ ಮನೆಗಳೊಂದಿಗೆ ಅಜ್ಜಂದಿರು ನೆಟ್ಟ ಬೇವು, ಹುಣಸೆ ಮರಗಳೂ ಮುಳುಗಿದವು. ಮನೆಗೆ ಪರಿಹಾರ ಸಿಕ್ಕಿತು, ನೆರಳಿಗೆ ಸಿಗಲಿಲ್ಲ. ಇನ್ನು ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಮಗ್ಗವೇ ನಡುಮನೆಯನ್ನು ಆವರಿಸಿರುತ್ತದೆ. ಹಗಲೆಲ್ಲ ಆ ಸಪ್ಪಳದಲ್ಲಿ ದುಡಿದವರಿಗೆ ಸಂಜೆ ನಾಲ್ಕು ಮಾತು ಕೇಳಿಸುವಂಥ ಜಾಗವೆಂದರೆ ಹಿತ್ತಲೊಂದೇ.

ಆದ್ದರಿಂದ ಹಿತ್ತಲನ್ನು ಕಾಯಿಪಲ್ಲೆಯ ತೋಟವೆಂದಷ್ಟೇ ಎಣಿಸದೆ, ಮೊದಲು ಕೂಡ್ರುವ ಜಾಗವನ್ನು ಗೊತ್ತುಮಾಡಿಕೊಂಡು, ಅದರ ಸುತ್ತ ಗಿಡಗಳನ್ನು ಯೋಜಿಸುವುದು ಒಳಿತು. ನಾವು ವಿಸ್ತರಣೆಯವರು ಕೈತೋಟದ ಬಗೆಗೆ ಹೇಳುವಾಗ ಕಿಲೋ ಲೆಕ್ಕವನ್ನೇ ಹೆಚ್ಚು ಹೇಳುತ್ತೇವೆ. ಕುಳಿತುಕೊಳ್ಳುವವರ ಲೆಕ್ಕ ಅದರಲ್ಲಿ ಬರುವುದಿಲ್ಲ.

ಮೊದಲನೆಯದು ನೆರಳು. ನಮ್ಮಲ್ಲಿ ಕಾಡುವುದು ಮಧ್ಯಾಹ್ನ ಮೂರರ ನಂತರದ ಪಶ್ಚಿಮದ ಬಿಸಿಲು. ಆದುದರಿಂದ ಮರ ಕೂಡ್ರುವ ಜಾಗದ ಪಶ್ಚಿಮ ಇಲ್ಲವೆ ನೈಋತ್ಯಕ್ಕಿರಬೇಕು. ಇದಕ್ಕೆ ಬೇವಿಗಿಂತ ಉತ್ತಮವಾದುದು ನನಗೆ ಕಾಣದು. ಮಾಘ, ಫಾಲ್ಗುಣದಲ್ಲಿ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಹೊಸ ಎಲೆ ತುಂಬಿಕೊಳ್ಳುತ್ತದೆ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಆದರೆ ಎರಿ ಭೂಮಿಯಲ್ಲಿ ಮನೆಯ ಗೋಡೆಯಿಂದ ಕನಿಷ್ಠ 20 ಅಡಿ ದೂರ ಬಿಡಿರಿ. ಈ ಮಣ್ಣು ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದೊಡ್ಡ ಮರ ತಳಪಾಯದ ಬಳಿಯ ತೇವ ಹೀರಿದರೆ ಗೋಡೆ ಬಿರುಕು ಬಿಡುವ ಸಂಭವವುಂಟು. ಅಷ್ಟು ಜಾಗವಿಲ್ಲದವರು ನುಗ್ಗೆ ಹಾಕಬಹುದು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಹಿತ್ತಲಿಗೆ ಹೊಂದುತ್ತದೆ. ನುಗ್ಗೆಯ ಕೊಂಬೆ ಮಾತ್ರ ಬಲು ಪೆಡಸು. ಪಂಚಮಿಗೆ ಜೋಕಾಲಿ ಕಟ್ಟಬೇಕೆಂದರೆ ಬೇವೇ ಆಗಬೇಕು.

ಮರ ಬೆಳೆಯುವವರೆಗೆ ಕಾಯಬೇಕಾಗಿಲ್ಲ. 10 ಅಡಿಗೆ 12 ಅಡಿ ಚಪ್ಪರ ಹಾಕಿ ಜನವರಿಯಲ್ಲಿ ಹೀರಿ, ಹಾಗಲ, ಸೋರೆ ಬೀಜ ಊರಿದರೆ ಬಿಸಿಲು ಬಲಿಯುವ ಹೊತ್ತಿಗೆ ಬಳ್ಳಿ ಹಬ್ಬಿರುತ್ತದೆ. ಹಿತ್ತಲು ಹತ್ತು ಹನ್ನೆರಡು ಅಡಿಯಷ್ಟೇ ಇರುವ ನೇಕಾರರ ಮನೆಗಳಿಗೆ ಚಪ್ಪರವೇ ಸರಿ. ಒಂದು ಕಂಬಕ್ಕೆ ಮಲ್ಲಿಗೆ ಹಬ್ಬಿಸಿದರೆ ಅದು ವರ್ಷಗಟ್ಟಲೆ ಇರುತ್ತದೆ.

ನೀರೆಲ್ಲಿಂದ ಎಂದು ಕೇಳುವಿರಿ. ವರ್ಷಕ್ಕೆ 500-600 ಮಿ.ಮೀ. ಮಳೆ ಬೀಳುವ ಸೀಮೆಯಲ್ಲಿ ಈ ಪ್ರಶ್ನೆ ಸರಿಯಾದದ್ದೇ. ಒಬ್ಬರ ಸ್ನಾನಕ್ಕೆ 20 ಲೀಟರು ಹಿಡಿದರೂ ಆರು ಜನರ ಮನೆಯಿಂದ ದಿನಕ್ಕೆ 120 ಲೀಟರು ಬಚ್ಚಲ ನೀರು ಹರಿದುಹೋಗುತ್ತದೆ. ನಾಲ್ಕಾರು ಬಾಳೆ, ಒಂದು ನುಗ್ಗೆಗೆ ಇದು ಸಾಕಾಗುತ್ತದೆ. ನೀರು ಮೊದಲು ಇಟ್ಟಿಗೆ ಚೂರು, ಗರಸು, ಉಸುಕು ತುಂಬಿದ ಗುಂಡಿಯ ಮೂಲಕ ಹಾಯ್ದು ಹೋಗಲಿ. ಎಲ್ಲಿಯೂ ನಿಲ್ಲಬಾರದು, ನಿಂತರೆ ಸೊಳ್ಳೆಯಾಗಿ ಸಂಜೆ ಯಾರೂ ಕೂಡ್ರಲಾರರು. ಬಟ್ಟೆ ಒಗೆದ ಪುಡಿಯ ನೀರು ಬೇಡ. ಅದರಲ್ಲಿ ಸೋಡಿಯಂ ಅಂಶವಿರುತ್ತದೆ. ನಮ್ಮ ಎರಿ ಮಣ್ಣನ್ನು ಅದು ಇನ್ನಷ್ಟು ಗಟ್ಟಿ ಮಾಡುತ್ತದೆ. ಕೊತ್ತಂಬರಿ, ಮೆಂತೆಯಂತಹ ಹಸಿಯಾಗಿ ತಿನ್ನುವ ಸೊಪ್ಪಿಗೆ ಬಚ್ಚಲ ನೀರನ್ನೂ ಬಿಡಬಾರದು.

ಕೂಡ್ರುವಲ್ಲಿ ಸಿಮೆಂಟು ಬೇಡ. ಮಣ್ಣನ್ನು ಬಡಿದು ಸೆಗಣಿ ಸಾರಿಸಿ, ಸಂಜೆ ಐದಕ್ಕೆ ಎರಡು ಕೊಡ ನೀರು ಚಿಮುಕಿಸಿದರೆ ತಂಪಾಗುತ್ತದೆ. ಒಂದೂವರೆ ಅಡಿ ಎತ್ತರದ ಕಟ್ಟೆಯಿದ್ದರೆ ಮೊಣಕಾಲು ನೋಯುವ ಹಿರಿಯರಿಗೆ ಏಳುವುದು ಸುಲಭ. ಮಗ್ಗುಲಲ್ಲಿಯೇ ಬೇಸಿಗೆಯ ಒಲೆಗೆ ಒಂದು ಮೂಲೆ ಇರಲಿ. ಒಳಗಿನ ಹೊಗೆ, ಸೆಕೆಯಲ್ಲಿ ಒಬ್ಬಳೇ ರೊಟ್ಟಿ ಬಡಿಯುವ ಹೆಣ್ಣುಮಗಳು ಹೊರಗೆ ಬಂದರೆ ಉಳಿದವರೂ ಅಲ್ಲಿಗೆ ಬರುತ್ತಾರೆ. ಶೇಂಗಾ ಸುಲಿಯುವುದು, ಪಲ್ಲೆ ಸೋಸುವುದು, ಕಂಡಿಕೆ ಸುತ್ತುವುದು, ಮಕ್ಕಳ ಅಭ್ಯಾಸ ಇವೆಲ್ಲ ಒಂದೇ ನೆರಳಿನಲ್ಲಿ ನಡೆಯುತ್ತವೆ. ಓಣಿಯ ಕಡೆಗೆ ಕರಿಬೇವು, ದಾಸವಾಳದ ಸಾಲು ಹಾಕಿದರೆ ಮರೆಯಾಗಿ ಹೆಂಗಸರಿಗೆ ಸಂಕೋಚವಿರುವುದಿಲ್ಲ. ತಿಪ್ಪೆ ಮಾತ್ರ ಪೂರ್ವದ ಕಡೆಗಿರಲಿ. ಮುಂಗಾರಿನ ಪಶ್ಚಿಮದ ಗಾಳಿ ಅದರ ವಾಸನೆಯನ್ನು ಆಚೆಗೆ ಒಯ್ಯುತ್ತದೆ.

ಗುಂಡಿಗಳನ್ನು ಮೇ ತಿಂಗಳಲ್ಲಿಯೇ ತೆಗೆದು ಬಿಸಿಲಿಗೆ ಬಿಡಿರಿ. ಜೂನಿನಲ್ಲಿ ಒಂದು ಹದವಾದ ಮಳೆಯಾದ ಮೇಲೆ ಕೊಟ್ಟಿಗೆ ಗೊಬ್ಬರ ಬೆರೆಸಿ ಸಸಿ ನೆಡಿರಿ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಸುಡುವ ರವದಿಯಲ್ಲಿ ನಾಲ್ಕು ಹೊರೆ ಮನೆಗೆ ತಂದು ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ಗೆದ್ದಲು ಕಂಡರೆ ಕಾಂಡದಿಂದ ಒಂದು ಗೇಣು ದೂರ ಸರಿಸಿರಿ. ಆಡುಗಳು ಬಾಯಿ ಹಾಕದಂತೆ ಮೊದಲ ಎರಡು ವರ್ಷ ಜಾಲಿ ಮುಳ್ಳಿನ ಬೇಲಿ ಇರಲೇಬೇಕು.