ಬಸುರಿಯ ತಟ್ಟೆಯಲ್ಲಿ ಎಷ್ಟಿರಬೇಕು?

ಆರೋಗ್ಯ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಸುರಿಯರ ಊಟ ಮತ್ತು ತೂಕದ ಬಗ್ಗೆಯೇ ಇವೆ. ಕೆಲವಕ್ಕೆ ಉದ್ದುದ್ದ ಉತ್ತರ, ಕೆಲವಕ್ಕೆ ನಾಲ್ಕು ಸಾಲು. ಬೇಸರ ಮಾಡಿಕೊಳ್ಳಬೇಡಿ. ಒಂದು ವಿನಂತಿ: "ರಿಪೋರ್ಟ್ ಎಲ್ಲಾ ನಾರ್ಮಲ್ ಅಂದ್ರು" ಎಂದಷ್ಟೇ ಬರೆದರೆ ನನಗೇನೂ ತಿಳಿಯದು. ಅಂಕಿ ಬರೆಯಿರಿ.

ಪ್ರಶ್ನೆ: ನನಗೆ 26 ವರ್ಷ, ಮೊದಲ ಬಸಿರು, ಈಗ ನಾಲ್ಕೂವರೆ ತಿಂಗಳು. ಎತ್ತರ 152 ಸೆಂ.ಮೀ. ಮೊದಲು 48 ಕಿಲೋ ಇದ್ದೆ, ಈಗ 51. ಊರಿಂದ ಬಂದಿರುವ ಅತ್ತೆ "ಎರಡು ಜೀವ ಮಗಾ, ಇನ್ನೊಂದು ಸೌಟು ಹಾಕಿಕೋ" ಎಂದು ಬಿಡುವುದಿಲ್ಲ. ತಿಂದರೆ ಎದೆ ಉರಿ. ಮೂರೇ ಕಿಲೋ ಏರಿದ್ದು ಕಮ್ಮಿಯಾಯಿತೇ?
— ಮಾನ್ಪಾಡಾ

ಉತ್ತರ: ಕಮ್ಮಿಯಾಗಿಲ್ಲ. ಮೊದಲ ಮೂರು ತಿಂಗಳಲ್ಲಿ ಅರ್ಧದಿಂದ ಎರಡು ಕಿಲೋ ಏರಿದರೆ ಧಾರಾಳ. ವಾಂತಿಯಿಂದ ಒಂದಿಷ್ಟು ಇಳಿದಿದ್ದರೂ ಗಾಬರಿ ಬೇಡ. ಆಮೇಲೆ ವಾರಕ್ಕೆ ನಾನೂರು ಗ್ರಾಂ ಆಸುಪಾಸು. ನಿಮ್ಮ ಎತ್ತರಕ್ಕೆ ನಿಮ್ಮ ಮೊದಲಿನ ತೂಕ ಸರಿಯಾಗಿಯೇ ಇತ್ತು. ಅಂಥವರು ಒಂಬತ್ತು ತಿಂಗಳಲ್ಲಿ ಹತ್ತು ಹನ್ನೆರಡು ಕಿಲೋ ಏರಿದರೆ ನಮ್ಮ ದೇಶದ ವೈದ್ಯರಿಗೆ ಸಮಾಧಾನ. ಅಮೆರಿಕದವರ ಪಟ್ಟಿಯಲ್ಲಿ ಹನ್ನೊಂದೂವರೆಯಿಂದ ಹದಿನಾರರವರೆಗೂ ಇದೆ. ಮೊದಲೇ ತೀರಾ ತೆಳ್ಳಗಿದ್ದವರು ಇನ್ನೂ ಹೆಚ್ಚು ಏರಬೇಕು, ದಪ್ಪಗಿದ್ದವರು ಕಡಿಮೆ. ಪಕ್ಕದ ಬಿಲ್ಡಿಂಗಿನವಳು ಎಷ್ಟು ಏರಿದಳು ಎಂಬುದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಅತ್ತೆಯವರಿಗೆ ಹೇಳಿ, ಜೀವ ಎರಡು ಹೌದು, ಆದರೆ ಎರಡನೆಯದು ಇನ್ನೂ ಅಂಗೈಯಷ್ಟಿದೆ. ಇನ್ನು ಮುಂದೆ ಬೇಕಾದದ್ದು ದಿನಕ್ಕೆ ಹೆಚ್ಚುವರಿ 350 ಕ್ಯಾಲರಿ. ಅಂದರೆ ಎರಡು ಇಡ್ಲಿ, ಒಂದು ಲೋಟ ಹಾಲು, ಒಂದು ಹಿಡಿ ಶೇಂಗಾ. ಅಷ್ಟೇ. ಅದೂ ಒಂದೇ ಸಲಕ್ಕೆ ಅಲ್ಲ, ಹೊತ್ತಿಗಿಷ್ಟು. ಎದೆ ಉರಿಗೆ ಇದೇ ಮೊದಲ ಔಷಧ. ಅನ್ನದ ಸೌಟು ಏರಿಸುವ ಬದಲು ಹೆಸರುಕಾಳು, ಹುರುಳಿ ಸಾರು, ಮೊಟ್ಟೆ, ಮೊಸರು ಏರಿಸಿ. ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಆದರೆ ಗಂಜಿ ಮತ್ತು ಉಪ್ಪಿನಕಾಯಿ ಒಂದು ಊಟವಲ್ಲ.

ಕಾಟಾದ ವಿಷಯ ಒಂದು. ಒಂದು ತಿಂಗಳು ನಮ್ಮಲ್ಲಿ, ಇನ್ನೊಂದು ತಿಂಗಳು ಮೆಡಿಕಲ್ ಅಂಗಡಿಯ ಮುಂದಿನ ಯಂತ್ರದಲ್ಲಿ ತೂಗಿಸಿಕೊಂಡು "ಡಾಕ್ಟ್ರೇ, ಇಳಿದಿದ್ದೇನೆ" ಎಂದು ಅಳುವವರಿದ್ದಾರೆ. ಒಂದೇ ಕಾಟಾ, ಬೆಳಗಿನ ಹೊತ್ತು, ಚಪ್ಪಲಿ ಬಿಟ್ಟು, ಪರ್ಸ್ ಕೆಳಗಿಟ್ಟು ನಿಲ್ಲಿ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಅಂಕಿಗಳು ನಿಮ್ಮ ಪತ್ರದಲ್ಲಿಲ್ಲ. ಮಾಡಿಸಿರದಿದ್ದರೆ ಈ ವಾರವೇ ಮಾಡಿಸಿ.

ಪ್ರಶ್ನೆ: ನನ್ನ ಸೊಸೆಗೆ 29. ಐಟಿ ಕೆಲಸ, ಮನೆಯಿಂದಲೇ. ಎತ್ತರ 158, ಬಸುರಿಯಾಗುವಾಗ 74 ಕಿಲೋ, ಈಗ ಆರು ತಿಂಗಳಿಗೆ 82. ಗ್ಲೂಕೋಸ್ ಕುಡಿಸಿ ರಕ್ತ ತೆಗೆಯಬೇಕು ಎನ್ನುತ್ತಾರೆ ಡಾಕ್ಟರು. ನಮ್ಮ ಎರಡೂ ಮನೆಯಲ್ಲಿ ಸಕ್ಕರೆ ಕಾಯಿಲೆ ಯಾರಿಗೂ ಇಲ್ಲ. ಮುಂದಿನ ತಿಂಗಳು ಸೀಮಂತ. ಬಯಕೆ ಊಟ ಮುಗಿದ ಮೇಲೆ ಮಾಡಿಸಿದರೆ ಆಗದೇ?
— ಕಾಸರ್‌ವಡವಲಿ

ಉತ್ತರ: ಆಗುವುದಿಲ್ಲ ಅಮ್ಮ. ಎರಡೂ ಮನೆಯಲ್ಲಿ ಯಾರಿಗೂ ಇಲ್ಲ ಎಂದು ಬರೆದಿದ್ದೀರಿ. ಎಷ್ಟು ಜನ ಪರೀಕ್ಷೆ ಮಾಡಿಸಿದ್ದಾರೆ? ನೋಡದೇ ಇರುವ ಸಕ್ಕರೆಯನ್ನು ಇಲ್ಲದ ಸಕ್ಕರೆ ಎಂದು ಲೆಕ್ಕ ಹಾಕುವುದು ನಮ್ಮವರ ಹಳೆಯ ಚಾಳಿ.

ಈ ಪರೀಕ್ಷೆಗೆ ಉಪವಾಸವೂ ಬೇಕಿಲ್ಲ. 75 ಗ್ರಾಂ ಗ್ಲೂಕೋಸನ್ನು ನೀರಲ್ಲಿ ಕಲಸಿ ಐದು ಹತ್ತು ನಿಮಿಷದಲ್ಲಿ ಕುಡಿದು, ಎರಡು ಗಂಟೆ ಬಿಟ್ಟು ರಕ್ತ ಕೊಡುವುದು. 140 ಅಥವಾ ಮೇಲೆ ಬಂದರೆ ಬಸಿರಿನ ಸಕ್ಕರೆ ಎಂದರ್ಥ. ಬಸಿರು ಗೊತ್ತಾದಾಗ ಒಮ್ಮೆ, 24ರಿಂದ 28 ವಾರದೊಳಗೆ ಮತ್ತೊಮ್ಮೆ. ನಿಮ್ಮ ಸೊಸೆಗೆ ಆ ವಾರಗಳು ಈಗಲೇ ನಡೆಯುತ್ತಿವೆ. ಸೀಮಂತ ಮುಗಿಯುವಷ್ಟರಲ್ಲಿ ದಾಟಿಹೋಗಿರುತ್ತವೆ.

ಇದು ಶ್ರೀಮಂತರ ಕಾಯಿಲೆ, ಮುಂಬಯಿಯ ಕಾಯಿಲೆ ಎಂದುಕೊಳ್ಳಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲೇ ಬಸುರಿಯರನ್ನು ಸಾಲಾಗಿ ಪರೀಕ್ಷಿಸಿದಾಗ ನೂರಕ್ಕೆ ಆರು ಮಂದಿಯಲ್ಲಿ ಸಿಕ್ಕಿತು. ಆ ತಾಯಂದಿರ ಮಕ್ಕಳನ್ನು ಅಲ್ಲಿನ ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿದರು. ಶಾಲೆಗೆ ಹೋಗುವ ವಯಸ್ಸಿಗೇ ಅವರ ಮೈಯಲ್ಲಿ ಕೊಬ್ಬು ಹೆಚ್ಚು, ಇನ್ಸುಲಿನ್ನಿಗೆ ಬಗ್ಗದ ಲಕ್ಷಣ ಹೆಚ್ಚು. ಇನ್ನೊಂದು ಅಧ್ಯಯನ ನಮ್ಮ ಮುಂಬಯಿಯದೇ. ಇಲ್ಲಿನ ಕೊಳಚೆ ಪ್ರದೇಶಗಳ ಹೆಂಗಸರಿಗೆ ಬಸುರಿಯಾಗುವ ಮೊದಲಿಂದಲೇ ದಿನಾ ಒಂದು ತಿಂಡಿ ಕೊಟ್ಟು ನೋಡಿದರು, ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ್ದು. ಸಕ್ಕರೆ ಪರೀಕ್ಷೆ ಮಾಡಿದಾಗ, ಸೊಪ್ಪಿಲ್ಲದ ತಿಂಡಿ ತಿಂದವರಲ್ಲಿ ನೂರಕ್ಕೆ ಸುಮಾರು 12 ಮಂದಿಗೆ ಬಸಿರಿನ ಸಕ್ಕರೆ ಇತ್ತು, ಸೊಪ್ಪಿನ ತಿಂಡಿ ತಿಂದವರಲ್ಲಿ ಸುಮಾರು 7. ಹರಿವೆ ಸೊಪ್ಪು ಮಾನ್ಪಾಡಾದ ಗಾಡಿಯಲ್ಲೂ ಸಿಗುತ್ತದೆ.

ಸೊಸೆ ಬಸುರಿಯಾಗುವ ಮೊದಲೇ ತೂಕ ಹೆಚ್ಚಿತ್ತು. ಅಂಥವರಿಗೆ ಒಟ್ಟು ಏಳರಿಂದ ಹನ್ನೊಂದೂವರೆ ಕಿಲೋ ಸಾಕು. ಎಂಟು ಆಗಲೇ ಏರಿದೆ. ಹಾಗಂತ ಈಗ ಡಯಟಿಂಗ್ ಶುರುಮಾಡಿಸಬೇಡಿ. ಬಸಿರಲ್ಲಿ ತೂಕ ಇಳಿಸುವ ಕೆಲಸ ಇಲ್ಲ, ಏರುವ ವೇಗ ನಿಧಾನವಾದರೆ ಸಾಕು. ಊಟದ ನಂತರ ಹದಿನೈದು ನಿಮಿಷ ಸೊಸೈಟಿಯ ಒಳಗೇ ನಡೆಯಲಿ. ಹೊರಗಿನ ರಸ್ತೆಯ ಸ್ಥಿತಿ ನಿಮಗೂ ಗೊತ್ತು, ಮೆಟ್ರೋ ಕಂಬಗಳ ನಡುವೆ ಬಸುರಿಯನ್ನು ನಡೆಸಲು ನಾನು ಹೇಳಲಾರೆ. ಬಯಕೆ ಊಟ ಖಂಡಿತ ಮಾಡಿ, ಹೋಳಿಗೆ ಒಂದು ದಿನ ತಿಂದರೆ ಯಾರಿಗೂ ಏನೂ ಆಗುವುದಿಲ್ಲ. ನನಗೆ ತಲೆನೋವು ಆ ದಿನದ್ದಲ್ಲ, ಉಡಿ ತುಂಬಲು ಬಂದವರೆಲ್ಲ ಕೊಟ್ಟುಹೋದ ಡಬ್ಬಿಗಳು ಮುಂದೆ ಮೂರು ವಾರ ಫ್ರಿಜ್ಜಿನಲ್ಲಿ ಕೂತಿರುತ್ತವಲ್ಲ, ಅವುಗಳದ್ದು.

ಸಕ್ಕರೆ ಬಂದರೂ ಹೆಚ್ಚಿನವರಿಗೆ ಊಟ ಮತ್ತು ನಡಿಗೆಯಲ್ಲೇ ಹತೋಟಿಗೆ ಬರುತ್ತದೆ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಮ್ಮೆ ಪರೀಕ್ಷೆ. ಬಾಣಂತನದ ಗಡಿಬಿಡಿಯಲ್ಲಿ ಇದನ್ನು ಮರೆಯದವರನ್ನು ನಾನು ಕಂಡದ್ದು ಕಡಿಮೆ. ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಡಿ.

ಪ್ರಶ್ನೆ: ಏಳೂವರೆ ತಿಂಗಳು. ಹತ್ತು ದಿನದಲ್ಲಿ ಮೂರು ಕಿಲೋ ಏರಿದೆ. ಮುಖ ಊದಿದೆ, ಉಂಗುರ ಬೆರಳಿಂದ ಬರುತ್ತಿಲ್ಲ. ಬಾರ್ಲಿ ನೀರು ಕುಡಿದು ಉಪ್ಪು ಬಿಟ್ಟಿದ್ದೇನೆ. ಇನ್ನೇನು ಮಾಡಲಿ?
— ಐರೋಲಿ

ಉತ್ತರ: ನಿಮಗೆ ಫೋನಿನಲ್ಲೇ ಹೇಳಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಇಷ್ಟು ಬೇಗ ಏರಿದ್ದು ಊಟದ ತೂಕವಲ್ಲ, ನೀರು. ಅದೇ ದಿನ ಬಿಪಿ ನೋಡಿಸಬೇಕು, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆಯಾಗಬೇಕು. 140/90 ಅಥವಾ ಮೇಲಿದ್ದರೆ ಮನೆಗೆ ವಾಪಸ್ ಬರಬೇಡಿ, ಡಾಕ್ಟರು ಹೇಳುವವರೆಗೆ ಅಲ್ಲೇ ಇರಿ. ತಲೆ ಸಿಡಿತ, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಇವುಗಳಲ್ಲಿ ಒಂದಿದ್ದರೂ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ. ಬಾರ್ಲಿ ನೀರು, ಉಪ್ಪು ಬಿಡುವುದು ಇದಕ್ಕೆ ಮದ್ದಲ್ಲ.

ಪ್ರಶ್ನೆ: ಡಾಕ್ಟರಬಾಯಿ, ನಾವು ಕಲಬುರ್ಗಿ ಕಡೆಯವ್ರು, ಇಲ್ಲಿ ಬಿಲ್ಡಿಂಗ್ ಕೆಲಸ. ನನ್ನ ಹೆಂಡ್ತಿ ಐದು ತಿಂಗಳ ಬಸುರಿ. ಹಸಿ ಅಕ್ಕಿ ಮುಕ್ಕತಾಳ್ರೀ, ಖಡು ಸಿಕ್ಕರೂ ಬಿಡಂಗಿಲ್ಲ. ರಕ್ತ 8.2 ಅಂತ ಬಂದದ. ಗುಳಿಗಿ ಕೊಟ್ಟಾರ, ತಗೊಂಡ್ರ ಹೊಟ್ಟಿ ಕಟ್ಟತದ, ಕರ್ರಗ ಹೋಗತದ. ಕೂಸು ಕರ್ರಗ ಆಗತದಂತ ಮಂದಿ ಹೇಳ್ತಾರ. ಗುಳಿಗಿ ಬಿಡಿಸಲೇನ್ರೀ?
— ಕಲ್ಯಾಣ

ಉತ್ತರ: ಬಿಡಿಸಬೇಡ ತಮ್ಮಾ. ಹೆಂಡತಿಯನ್ನು ಬೈಯಲೂಬೇಡ. ಅಕ್ಕಿ, ಸುಣ್ಣದಕಡ್ಡಿ, ಮಣ್ಣು ತಿನ್ನಬೇಕೆನಿಸುವುದು ರಕ್ತ ಕಡಿಮೆಯಾದವರಲ್ಲಿ ನಾವು ದಿನಾ ಕಾಣುವ ಲಕ್ಷಣ. ರಕ್ತ ಏರಿದಂತೆ ಆ ಚಪಲ ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ಬಸುರಿಗೆ ಹಿಮೋಗ್ಲೋಬಿನ್ 11 ಇರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ನೂರು ಬಸುರಿಯರಲ್ಲಿ 52 ಮಂದಿಗೆ ಅಷ್ಟಿಲ್ಲ. ನಿನ್ನ ಹೆಂಡತಿ ಒಬ್ಬಳೇ ಅಲ್ಲ, ಆದರೆ 8.2 ಇಟ್ಟುಕೊಂಡು ಹೆರಿಗೆಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಹೆರಿಗೆಯಲ್ಲಿ ಸಾಮಾನ್ಯವಾಗಿ ಹೋಗುವ ರಕ್ತವನ್ನೂ ಅವಳು ತಾಳಲಾರಳು.

ಇನ್ನು ಬಣ್ಣದ ಮಾತು. ಮಲ ಕಪ್ಪಾಗುವುದು ಮೈಗೆ ಹತ್ತದೆ ಉಳಿದ ಕಬ್ಬಿಣದಿಂದ. ಕೂಸಿನ ಚರ್ಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕೂಸಿನ ಬಣ್ಣ ನಿಮ್ಮಿಬ್ಬರಿಂದ ಬರುತ್ತದೆ. ಹೀಗೆ ಹೆದರಿ ಗುಳಿಗೆಯನ್ನು ಹಾಸಿಗೆ ಕೆಳಗೆ ಬಚ್ಚಿಟ್ಟ ಹುಡುಗಿಯರನ್ನು ನೋಡಿ ನೋಡಿ ನನ್ನ ತಾಳ್ಮೆ ಮುಗಿದಿದೆ. ಘೋಡಬಂದರ್ ರಸ್ತೆಯ ಎತ್ತರದ ಟವರುಗಳ ಓದಿದವರೂ ಕಡಿಮೆಯಿಲ್ಲ. ಅವರು ಗುಳಿಗೆ ಬಿಟ್ಟು ಸಾವಿರಾರು ರೂಪಾಯಿಯ ಕೇಸರಿ ತಂದು ಹಾಲಿಗೆ ಹಾಕಿ ಕುಡಿಯುತ್ತಾರೆ. ಕೇಸರಿಯಿಂದ ಹಾಲು ಹಳದಿಯಾಗುತ್ತದೆ, ಮಗು ಬೆಳ್ಳಗಾಗುವುದಿಲ್ಲ. ಆ ದುಡ್ಡಿಗೆ ಒಂದು ತಿಂಗಳ ಮೊಟ್ಟೆ ಬರುತ್ತದೆ.

ಆ ಗುಳಿಗೆಯಲ್ಲಿ ಕಬ್ಬಿಣದ ಜೊತೆಗಿರುವ ಫೋಲಿಕ್ ಆಸಿಡ್ಡಿನ ಬೇರು ಇರುವುದು ಇದೇ ಮುಂಬಯಿಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಪರೇಲ್‌ನ ಹಾಫ್‌ಕಿನ್ ಸಂಸ್ಥೆಗೆ ಬಂದರು. ಬಟ್ಟೆ ಗಿರಣಿಗಳ ಬಡ ಹೆಂಗಸರು ಬಸಿರಲ್ಲಿ ರಕ್ತ ಬತ್ತಿ ಸಾಯುತ್ತಿದ್ದರು. ಆಕೆ ಅವರ ಮನೆಗಳ ಅಡುಗೆಯನ್ನೇ ಪರೀಕ್ಷೆಗೆ ಹಚ್ಚಿದರು. ಕೊನೆಗೆ ಯೀಸ್ಟಿನ ಸಾರದಿಂದ ಮಾಡಿದ ಮಾರ್ಮೈಟ್ ತಿನ್ನಿಸಿ ಅವರನ್ನು ಉಳಿಸಿ, 1931ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಆ ಸಾರದಲ್ಲಿ ಏನಿದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಹತ್ತು ವರ್ಷದ ನಂತರ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ ಫೋಲಿಕ್ ಆಸಿಡ್ ಎಂದರು. ಗಿರಣಿಯ ಹೆಂಗಸರಿಗೆ ಸಿಗದೆ ಹೋದದ್ದು ನಿನ್ನ ಹೆಂಡತಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿದೆ.

ಗುಳಿಗೆ ರಾತ್ರಿ ಊಟವಾಗಿ ಒಂದೆರಡು ತಾಸಿಗೆ, ಲಿಂಬೆ ನೀರಿನ ಜೊತೆ. ಚಹಾ ಅದರ ಹತ್ತಿರ ಸುಳಿಯಬಾರದು, ಹಿಂದೆ ಮುಂದೆ ಒಂದು ತಾಸು. ಕ್ಯಾಲ್ಸಿಯಂ ಗುಳಿಗೆ ಬೇರೆ ಹೊತ್ತಿಗೆ. ಹೊಟ್ಟೆ ಕಟ್ಟಿದರೆ ನೀರು, ಜೋಳದ ರೊಟ್ಟಿ, ಪುಂಡಿ ಪಲ್ಯ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ನಿಮ್ಮ ಕಡೆಯ ಅಡುಗೆಯಲ್ಲೇ ಇದೆ, ಇಲ್ಲಿ ಬಂದು ವಡಾಪಾವ್ ಹಿಡಿದು ಅದನ್ನು ಬಿಡಬೇಡಿ. ಜಂತಿನ ಗುಳಿಗೆ ಕೊಟ್ಟಿದ್ದಾರೆಯೇ ಎಂದು ಕೇಳು. 8.2ಕ್ಕೆ ದಿನಕ್ಕೆ ಎರಡು ಗುಳಿಗೆ ಬೇಕಾಗುತ್ತದೆ, ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ. ಒಂದು ತಿಂಗಳ ಮೇಲೆ ಮತ್ತೆ ರಕ್ತ ನೋಡಿಸು. ಒಂದು ಗ್ರಾಂ ಆದರೂ ಏರದಿದ್ದರೆ ಥಲಸೀಮಿಯಾ ಪರೀಕ್ಷೆ ಆಗಬೇಕು, ಕಬ್ಬಿಣವನ್ನು ಸಲೈನಿನಲ್ಲಿ ಏರಿಸಬೇಕಾಗಬಹುದು. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಪುಕ್ಕಟೆ. ಅಂದಿನ ಪಗಾರ ಹೋದರೆ ಹೋಗಲಿ, ಜೊತೆಗೆ ನೀನೂ ಹೋಗು.

ಪ್ರಶ್ನೆ: ಎಂಟನೇ ತಿಂಗಳು. ಡೊಂಬಿವಲಿಯಿಂದ ದಾದರ್‌ಗೆ ದಿನಾ ಲೋಕಲ್‌ನಲ್ಲಿ ಹೋಗುತ್ತೇನೆ. ಸೋನೋಗ್ರಫಿಯಲ್ಲಿ ಮಗು 1.7 ಕಿಲೋ. ಮಗು ದೊಡ್ಡದಾದರೆ ಸಿಸೇರಿಯನ್ ಖಾತ್ರಿ, ಈಗಿಂದಲೇ ಊಟ ಕಡಿಮೆ ಮಾಡು ಎಂದು ನಾದಿನಿ ಹೇಳಿದಳು. ರಾತ್ರಿ ಬರೀ ಹಾಲು ಕುಡಿದು ಮಲಗುತ್ತಿದ್ದೇನೆ. ಹದಿನೈದು ದಿನದಿಂದ ತೂಕ ಏರಿಲ್ಲ.
— ಡೊಂಬಿವಲಿ

ಉತ್ತರ: ಇವತ್ತು ರಾತ್ರಿಯೇ ಊಟ ಶುರುಮಾಡಿ. ಏಳನೇ ತಿಂಗಳ ಹೊತ್ತಿಗೆ ಮಗು ಒಂದು ಕಿಲೋ ಚಿಲ್ಲರೆ ಇರುತ್ತದೆ, ಉಳಿದದ್ದೆಲ್ಲ ತುಂಬಿಕೊಳ್ಳುವುದು ಈಗಲೇ. ನೀವು ಕೈ ಬಿಗಿಹಿಡಿದಿರುವುದು ಸರಿಯಾಗಿ ಈ ಹೊತ್ತಿನಲ್ಲಿ.

ನಾದಿನಿಯ ಲೆಕ್ಕ ನಮ್ಮ ಸೀಮೆಯಲ್ಲಿ ಅಜ್ಜಿಯರ ಕಾಲದಿಂದ ಬಂದದ್ದು. ಆಗ ಆಸ್ಪತ್ರೆ ದೂರ, ಮಗು ಅಡ್ಡಸಿಕ್ಕಿದರೆ ತಾಯಿ ಸಾಯುತ್ತಿದ್ದಳು, ಹಾಗಾಗಿ ಆ ಭಯ ನನಗೆ ಅರ್ಥವಾಗುತ್ತದೆ. ಡೊಂಬಿವಲಿಯಲ್ಲಿ ಕೂತು ಅದನ್ನೇ ಹಿಡಿದುಕೊಂಡರೆ ಅರ್ಥವಾಗುವುದಿಲ್ಲ. ಸಿಸೇರಿಯನ್ ಆಗುವುದು ಮಗು ಮಲಗಿದ ರೀತಿ, ನೋವು ಬರುವ ರೀತಿ, ಮಗುವಿನ ಎದೆಬಡಿತ, ತಾಯಿಯ ಬಿಪಿ, ಹೀಗೆ ಹತ್ತು ಕಾರಣಕ್ಕೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಸಂಗಡಿಗರು ಸುತ್ತಲಿನ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಅಳೆದು ನೋಡಿದರು. ಅಲ್ಲಿನವು ಸರಾಸರಿ 3.5 ಕಿಲೋ, ನಮ್ಮವು 2.7. ನಮ್ಮ ಕೂಸುಗಳಲ್ಲಿ ಹೆಚ್ಚು ಸೊರಗಿದ್ದು ಮಾಂಸಖಂಡ ಮತ್ತು ಹೊಟ್ಟೆಯೊಳಗಿನ ಅಂಗಗಳು. ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಉಳಿದೇ ಇತ್ತು. ಮುಂದೆ ಸಕ್ಕರೆ ಕಾಯಿಲೆಗೆ ದಾರಿ ಮಾಡುವ ಮೈಕಟ್ಟು ಅದು. ಅದೇ ಹಳ್ಳಿಗಳಲ್ಲಿ ಸೊಪ್ಪು, ಹಣ್ಣು, ಹಾಲು ಹೆಚ್ಚು ತಿಂದ ತಾಯಂದಿರ ಕೂಸುಗಳು ಮೈತುಂಬಿಕೊಂಡಿದ್ದವು. ನಿಮ್ಮ ಮಗುವಿನ 1.7 ಕಿಲೋ ಎಂಟನೇ ತಿಂಗಳಿಗೆ ದೊಡ್ಡದೇನಲ್ಲ, ಸಣ್ಣ ಕಡೆಗೇ ಇದ್ದರೂ ಇರಬಹುದು. ಮೂರು ವಾರ ಬಿಟ್ಟು ಡಾಪ್ಲರ್ ಜೊತೆ ಇನ್ನೊಂದು ಸೋನೋಗ್ರಫಿ ಮಾಡಿಸಿ. ಅಲ್ಲಿಯವರೆಗೆ ನಿಮ್ಮ ಡಾಕ್ಟರು ಪ್ರತಿ ಭೇಟಿಯಲ್ಲೂ ಟೇಪಿನಿಂದ ಹೊಟ್ಟೆ ಅಳೆಯಲಿ. ಅಳೆಯದಿದ್ದರೆ ಕೇಳಿ ಅಳೆಸಿಕೊಳ್ಳಿ.

ಬೆಳಿಗ್ಗೆ ತಿಂಡಿ ಬಿಟ್ಟು ಗಾಡಿ ಹತ್ತುತ್ತೀರಿ ಎಂದು ನೀವು ಬರೆಯದಿದ್ದರೂ ನನಗೆ ಗೊತ್ತು. ಮೂತ್ರಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದಿರುವುದೂ ಗೊತ್ತು. ಎರಡೂ ಬೇಡ. ಚೀಲದಲ್ಲಿ ಚಿಕ್ಕಿ, ಹುರಿಗಡಲೆ, ಬಾಳೆಹಣ್ಣು ಇರಲಿ.

ಪ್ರಶ್ನೆ: ಬಂಗುಡೆ, ಬೂತಾಯಿ ಉಷ್ಣ ಎಂದು ಬಿಡಿಸಿದ್ದಾರೆ. ಪಪ್ಪಾಯಿಯೂ ಬೇಡವಂತೆ. ನಿಜವೇ?
— ವಾಘ್‌ಬೀಳ್

ಉತ್ತರ: ಬಂಗುಡೆ, ಬೂತಾಯಿ ವಾರಕ್ಕೆ ಎರಡು ಸಲ ತಿನ್ನಿ, ಪುಳಿಮುಂಚಿ ಮಾಡಿ. ಸಣ್ಣ ಮೀನಲ್ಲಿ ಪಾದರಸದ ಭಯ ಕಡಿಮೆ, ಮಗುವಿನ ಮೆದುಳಿಗೆ ಬೇಕಾದ ಕೊಬ್ಬು ಹೇರಳ. ಬಿಡಬೇಕಾದ್ದು ಶಾರ್ಕಿನಂಥ ದೊಡ್ಡ ಬೇಟೆ ಮೀನು. ಚೆನ್ನಾಗಿ ಹಣ್ಣಾದ ಪಪ್ಪಾಯಿ ತಿನ್ನಬಹುದು, ಹಾಲು ಸುರಿಯುವ ಕಾಯಿ ಬೇಡ.

ಪ್ರಶ್ನೆ: ಬೆಳಿಗ್ಗೆ ಮಿಶ್ರಿ ಹಚ್ಚಿ ಹಲ್ಲುಜ್ಜುವ ರೂಢಿ. ಇಲ್ಲದಿದ್ದರೆ ಹೊಟ್ಟೆ ಸರಿಯಾಗುವುದಿಲ್ಲ. ನುಂಗುವುದಿಲ್ಲ, ಉಗಿಯುತ್ತೇನೆ. ಬಸಿರಲ್ಲಿ ನಡೆಯುತ್ತದೆಯೇ?
— ಕಳವಾ

ಉತ್ತರ: ನಡೆಯುವುದಿಲ್ಲ. ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ. ಉಗಿದರೂ ಒಸಡಿನಿಂದ ನಿಕೋಟಿನ್ ರಕ್ತಕ್ಕೆ ಸೇರುತ್ತದೆ, ಹೊಟ್ಟೆ ಸಡಿಲವಾಗುವುದೂ ಅದರಿಂದಲೇ. ಮುಂಬಯಿಯ 1,200ಕ್ಕೂ ಹೆಚ್ಚು ಬಸುರಿಯರನ್ನು ಹಿಂಬಾಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಇಂಥ ತಂಬಾಕು ಬಳಸಿದವರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು, ದಿನ ತುಂಬುವ ಮೊದಲೇ ಹುಟ್ಟಿದವೂ ಹೆಚ್ಚು. ನೀವು ಎಷ್ಟು ತುಪ್ಪ ತಿಂದರೂ ಆ ನೂರು ಗ್ರಾಂ ವಾಪಸ್ ಬರುವುದಿಲ್ಲ. ಇವತ್ತೇ ಡಬ್ಬಿ ಎಸೆಯಿರಿ. ಒಂದು ವಾರ ಸಿಡಿಮಿಡಿ ಇರುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ. ಹೊಟ್ಟೆಗೆ ಬೆಳಿಗ್ಗೆ ಎರಡು ಲೋಟ ಬಿಸಿನೀರು, ರಾತ್ರಿ ಸೊಪ್ಪಿನ ಪಲ್ಯ. ಅದಕ್ಕೂ ಬಗ್ಗದಿದ್ದರೆ ಇಸಬಗೋಲು. ಎಷ್ಟನೇ ತಿಂಗಳು, ತೂಕ ಎಷ್ಟು, ರಕ್ತ ಎಷ್ಟು ಎಂದು ನೀವು ಬರೆದೇ ಇಲ್ಲ. ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ನಿಮಗೆ ಹತ್ತಿರ. ಹಿಮೋಗ್ಲೋಬಿನ್, ಸಕ್ಕರೆ, ಬಿಪಿ, ಮೂತ್ರ ನಾಲ್ಕನ್ನೂ ಮಾಡಿಸಿ, ಅಂಕಿಗಳ ಸಮೇತ ಇನ್ನೊಮ್ಮೆ ಬರೆಯಿರಿ.